ಹಳದಿ ಟೇಪಿನ ಶಾಂತಕ್ಕ

ಶಾಂತಕ್ಕ ಬ್ಯಾಟರಿಯನ್ನು ಕೆನ್ನೆಗೆ ಒತ್ತಿ ನೋಡುತ್ತಿದ್ದರು. ಮಗುವಿಗೆ ಜ್ವರ ಇದೆಯೇ ಎಂದು ನೋಡುವ ಹಾಗೆ, ಕಣ್ಣು ಮುಚ್ಚಿ. ಮೇಜಿನ ಮೇಲೆ ಎರಡು ಮೀಟರುಗಳಿದ್ದವು, ಅವನ್ನೂ ನೋಡುತ್ತಿದ್ದರು. ಆದರೆ ಕೊನೆಯ ತೀರ್ಪು ಕೆನ್ನೆಯದೇ. ಅವರ ಗದಗದ ಕಡೆ ಕೆನ್ನೆಗೆ ಗಲ್ಲ ಎನ್ನುತ್ತಾರೆ. "ಮೀಟರು ಇವತ್ತಿಂದು ಹೇಳ್ತೈತಿ ಸರ, ಗಲ್ಲ ನಾಳೀದು ಹೇಳ್ತೈತಿ" ಎಂಬುದು ಅವರ ಮಾತು. ಪೀಣ್ಯದ ಕಾರ್ಖಾನೆಯ ಡಿಸೈನ್ ವಿಭಾಗದಲ್ಲಿ ಇಪ್ಪತ್ತು ವರ್ಷ ಕೂತು, ಮಿಲಿಮೀಟರಿನ ನೂರನೇ ಒಂದು ಭಾಗಕ್ಕೂ ಜಗಳವಾಡಿ ಬಂದ ನನಗೆ ಇದನ್ನು ಮೊದಲ ಸಲ ಕೇಳಿದಾಗ ನಗು ಬಂದಿತ್ತು.

ಲಗ್ಗೆರೆಯಲ್ಲಿ ಒಂದು ಹಿಟ್ಟಿನ ಗಿರಣಿಗೂ ಒಂದು ಟೈಲರ್ ಅಂಗಡಿಗೂ ನಡುವೆ, ಬ್ಯಾಟರಿ ಕಟ್ಟಿ ರಿಪೇರಿ ಮಾಡಿಕೊಡುವ ಅವರ ಶೆಡ್ಡು. ಮೊದಲು ಎಮರ್ಜೆನ್ಸಿ ಲ್ಯಾಂಪು ಮಾಡುವ ಕಾರ್ಖಾನೆಯಲ್ಲಿ ಬ್ಯಾಟರಿ ಸೆಲ್ಲುಗಳಿಗೆ ಲೋಹದ ಪಟ್ಟಿ ಬೆಸೆಯುವ ಕೆಲಸದಲ್ಲಿದ್ದರು. ಆ ಕಾರ್ಖಾನೆ ಮುಚ್ಚಿದ ದಿನ ಉಳಿದವರು ಅಳುತ್ತಾ ಮನೆಗೆ ಹೋದರೆ, ಇವರು ಯಜಮಾನರನ್ನು ಕೇಳಿ ತಾವು ಬಳಸುತ್ತಿದ್ದ ಬೆಸುಗೆ ಯಂತ್ರವನ್ನೇ ಆಟೊದಲ್ಲಿ ಹೇರಿಕೊಂಡು ಬಂದರಂತೆ. ಗಿರಣಿಯ ಹಿಟ್ಟು ಗೋಡೆಯ ಸಂದಿಯಿಂದ ಬಂದು ಎಲ್ಲದರ ಮೇಲೂ ಕೂರುತ್ತಿತ್ತು. ಹೀಗಾಗಿ ಶಾಂತಕ್ಕನ ಕೆಲಸ ಶುರುವಾಗುವುದೇ ಸೆರಗಿನಿಂದ ಮೇಜು ಒರೆಸುವುದರಿಂದ.

ಅವರ ಗಿರಾಕಿಗಳು ಹೆಚ್ಚಾಗಿ ಎಲೆಕ್ಟ್ರಿಕ್ ಸ್ಕೂಟರಿನಲ್ಲಿ ಊಟ ತಲುಪಿಸುವ ಹುಡುಗರು. ಒಂದು ದಿನ ನಾನು ಅಲ್ಲಿದ್ದಾಗ ಒಬ್ಬ ಉಬ್ಬಿದ ಬ್ಯಾಟರಿ ತಂದು, "ಅಕ್ಕಾ, ಇನ್ನೊಂದ್ ವಾರ ಓಡಿಸ್ಬಿಡ್ತೀನಿ, ಆಮೇಲೆ ನೋಡಾಣ" ಅಂದ. ಶಾಂತಕ್ಕ ವಾದ ಮಾಡಲಿಲ್ಲ.

"ಇದಕ್ಕ ನಿನ್ನ ಗಲ್ಲ ಹಚ್ಚಪಾ."

ಅವನು ಹಚ್ಚಿ, ಬಿಸಿ ತಾಗಿ ಸರಕ್ಕನೆ ತಲೆ ಹಿಂದಕ್ಕೆಳೆದುಕೊಂಡ.

"ಇದರ ಮ್ಯಾಲ ಕುಂತು ತುಮಕೂರು ರೋಡಿನ್ಯಾಗ ಹೊಂಟೀಯಲ್ಲ, ನಿಮ್ಮವ್ವಗ ಗೊತ್ತೈತೇನು?"

ಅವನು ಬ್ಯಾಟರಿಯನ್ನು ಅಲ್ಲೇ ಬಿಟ್ಟು, ಸ್ಕೂಟರು ತಳ್ಳಿಕೊಂಡು ಹೋದ.

ನಾನು ಅವರಲ್ಲಿಗೆ ಹೋಗಿದ್ದು ಬೇರೆಯದೇ ಕಾರಣಕ್ಕೆ. ಭಾನುವಾರಗಳಲ್ಲಿ ನಾನು ಗ್ಲೈಡರ್ ಹಾರಿಸುತ್ತೇನೆ. ಇಂಜಿನ್ ಇಲ್ಲದ ವಿಮಾನ ಅದು. ಬಿಸಿಗಾಳಿ ಮೇಲೇಳುವ ಜಾಗ ಹುಡುಕಿ, ಅದರಲ್ಲಿ ಸುತ್ತಿ ಸುತ್ತಿ ಮೇಲೇರಬೇಕು. ಗಾಳಿ ಕೈಕೊಟ್ಟರೆ ಎದುರಿಗೆ ಕಂಡ ಹೊಲದಲ್ಲೇ ಇಳಿಯಬೇಕು. ಅಂಥ ಹೊಲಗಳಲ್ಲಿ ಎಷ್ಟೋ ಸಲ ಫೋನಿಗೆ ಸಿಗ್ನಲ್ ಇರುವುದಿಲ್ಲ, ನೆಲಕ್ಕಿಳಿದ ಗ್ಲೈಡರಿನ ರೇಡಿಯೊ ದೂರಕ್ಕೆ ಮುಟ್ಟುವುದಿಲ್ಲ. ಅದಕ್ಕೆಂದೇ ನಮ್ಮ ಕ್ಲಬ್ಬು ಪರವಾನಗಿ ಪಡೆದು ಒಂದು ಸ್ಯಾಟಲೈಟ್ ಯಂತ್ರ ಇಟ್ಟುಕೊಂಡಿತ್ತು. ಅಂಗೈಯಷ್ಟಗಲದ ಡಬ್ಬಿ, ಗುಂಡಿ ಒತ್ತಿದರೆ ಉಪಗ್ರಹದ ಮೂಲಕ "ಕ್ಷೇಮವಾಗಿ ಇಳಿದಿದ್ದೇನೆ" ಎಂಬ ಸಂದೇಶ ಕ್ಲಬ್ಬಿಗೂ ಮನೆಗೂ ಹೋಗುತ್ತದೆ. ಆದರೆ ಅದರೊಳಗಿನ ಬ್ಯಾಟರಿಗೆ ವಯಸ್ಸಾಗಿ ಎರಡು ಗಂಟೆಯಲ್ಲಿ ಕಣ್ಣು ಮುಚ್ಚುತ್ತಿತ್ತು.

ಮನೆಯಲ್ಲಿ ನನ್ನ ಹೆಂಡತಿ ಸುಮಾಳ ಷರತ್ತು ಒಂದೇ. "ಐದೂವರೆ ಒಳಗೆ ನಿಮ್ ಮೆಸೇಜ್ ಬರ್ಬೇಕು. ಒಂದಿನ ಬರ್ಲಿಲ್ಲ ಅಂದ್ರೂ ಅವತ್ತಿಗೆ ನಿಮ್ ಹಾರಾಟ ಮುಗೀತು." ಸುಮಾ ಹೇಳಿದ್ದನ್ನು ಮಾಡುವವಳು.

ಶಾಂತಕ್ಕ ಎಲ್ಲವನ್ನೂ ಕೇಳಿಸಿಕೊಂಡರು.

"ಇಂಜಿನ್ ಇಲ್ಲಂದ್ರ ಮ್ಯಾಲ ಯಾಕ ಹೋಗ್ತೀರಿ ಸರ?"

"ಖುಷಿಗೆ."

"ಹಂಗಾದ್ರ ಸರಿ" ಎಂದರು. ಇಷ್ಟು ಬೇಗ ಒಪ್ಪಿಕೊಂಡವರನ್ನು ನಾನು ಇನ್ನೂ ಕಂಡಿಲ್ಲ.

ಯಂತ್ರಕ್ಕೆ ಹೊರಗಿನಿಂದ ಸಿಕ್ಕಿಸುವ ಹೆಚ್ಚುವರಿ ಬ್ಯಾಟರಿ ಪ್ಯಾಕೊಂದನ್ನು ಕಟ್ಟಿಕೊಡಲು ಒಪ್ಪಿದರು. ಅದಕ್ಕೆ ಎರಡು ಪಿನ್ನು ಕೊಡಿ, ಒಂದು ಯಂತ್ರಕ್ಕೆ, ಒಂದು ಫೋನಿಗೆ ಎಂದು ನಾನು ಕೇಳಿದೆ. ಅವರು ತಲೆ ಅಲ್ಲಾಡಿಸಿದರು. "ಒಂದ ಬಾಯಿ ಸರ. ಎರಡು ಬಾಯಿ ಇಟ್ರ ನೀವು ಫೋನಿಗೆ ತಿನಸ್ತೀರಿ, ಇದು ಉಪವಾಸ ಬೀಳ್ತೈತಿ." ಬೇರೆ ಯಾವುದಕ್ಕೂ ಕೂರದಂಥ ದುಂಡು ಪಿನ್ನನ್ನು ಹುಡುಕಿ ಹಾಕಿದರು. ಎರಡು ದಿನ ಖಾಲಿ ಮಾಡಿ, ತುಂಬಿಸಿ, ಕೆನ್ನೆಗೆ ಹಚ್ಚಿ ನೋಡಿದ ಮೇಲೆಯೇ ಪ್ಯಾಕು ನನ್ನ ಕೈಗೆ ಬಂತು. ಕಾರ್ಖಾನೆಯ ತಕ್ಕಡಿಯಲ್ಲಿ ಇಟ್ಟರೆ ನನ್ನ ಲೆಕ್ಕಕ್ಕಿಂತ ಎಂಬತ್ತು ಗ್ರಾಂ ಜಾಸ್ತಿ. ವಾಪಸು ಹೋಗಿ ತಕರಾರು ಮಾಡಿದೆ.

"ಅದು ನನ್ನ ಲೆಕ್ಕ" ಎಂದರು ಶಾಂತಕ್ಕ. ಪ್ಯಾಕಿನ ಬೆನ್ನಿಗೆ ಅಂಟಿಸಿದ್ದ ಹಳದಿ ಟೇಪನ್ನು ಉಗುರಿನಿಂದ ಇನ್ನೊಮ್ಮೆ ತೀಡಿ, "ಈ ಟೇಪು ಕಿತ್ತಿದ ದಿನ ನೀವ ಬಂದು ನನ್ನ ಕಡೆ ಮತ್ತ ಹಚ್ಚಿಸ್ಕೋಬೇಕು" ಎಂದರು. ಗ್ಯಾರಂಟಿಯ ಗುರುತು ಇರಬೇಕು ಎಂದುಕೊಂಡು ಬಂದೆ.

ಇನ್ನು ನನ್ನ ಘನಕಾರ್ಯ. ಇಂಜಿನಿಯರಿಗೆ ಯಾರಾದರೂ ಆಗುವುದಿಲ್ಲ ಎಂದರೆ ಕೈ ಸುಮ್ಮನಿರುವುದಿಲ್ಲ. ಊಟದ ಬಿಡುವಿನಲ್ಲಿ ಟೂಲ್ ರೂಮಿನಲ್ಲಿ ಕೂತು ಆ ದುಂಡು ಪಿನ್ನಿಗೆ ಹೊಂದುವ ಅಡಾಪ್ಟರ್ ಒಂದನ್ನು ಮಾಡಿಕೊಂಡೆ. ಮೋಡಗಳ ವೀಡಿಯೊ ತೆಗೆಯುವ ಹುಚ್ಚು ನನಗೆ, ಫೋನು ಎಷ್ಟು ಚಾರ್ಜಿದ್ದರೂ ಸಾಲದು. ನನ್ನ ಅಡಾಪ್ಟರ್ ಬಹಳ ಚೆನ್ನಾಗಿ ಕೆಲಸ ಮಾಡಿತು.

ಆ ಭಾನುವಾರ ಮೂರು ಗಂಟೆ ಹಾರಿದೆ. ಆಮೇಲೆ ಗಾಳಿ ಸತ್ತು, ಐದಕ್ಕೆ ಹತ್ತು ನಿಮಿಷ ಇರುವಾಗ ಕೊಯ್ಲಾದ ಒಂದು ಹುರಳಿ ಹೊಲದಲ್ಲಿ ಇಳಿದೆ. ಸೊಗಸಾಗಿಯೇ ಇಳಿದೆ. ಫೋನಿನಲ್ಲಿ ನೂರಕ್ಕೆ ನೂರು ಚಾರ್ಜ್, ಸಿಗ್ನಲ್ ಸೊನ್ನೆ. ಸ್ಯಾಟಲೈಟ್ ಯಂತ್ರದ ಗುಂಡಿ ಒತ್ತಿದೆ, ಪರದೆ ಒಮ್ಮೆ ಮಿಣುಕಿ ಆರಿಹೋಯಿತು. ಪ್ಯಾಕಿಗೆ ಸಿಕ್ಕಿಸಿದೆ. ಏನೂ ಇಲ್ಲ. ಅದರ ಹೊಟ್ಟೆಯಲ್ಲಿದ್ದದ್ದೆಲ್ಲ ನನ್ನ ಮೋಡಗಳ ಪಾಲಾಗಿತ್ತು.

ಮೇಕೆ ಮೇಯಿಸುತ್ತಿದ್ದ ಒಬ್ಬ ಮುದುಕರು ಬಂದು ರೆಕ್ಕೆಯ ನೆರಳಿನಲ್ಲಿ ಕೂತರು. ಫೋನು ಎಲ್ಲಿ ಸಿಗುತ್ತದೆ ಎಂದು ಕೇಳಿದೆ.

"ಅಗಾ, ಆ ಗುಡ್ಡದ್ ಮ್ಯಾಕೆ ಓಗ್ಬೇಕು ಸಾಮಿ. ಒಂದ್ ಗಂಟೆ ಆಯ್ತದೆ."

ನನಗಿದ್ದದ್ದು ಅರ್ಧ ಗಂಟೆ. ಸುಮಾ ಗಡಿಯಾರ ನೋಡುತ್ತಾ ಕೂತಿರುತ್ತಾಳೆ, ಕ್ಲಬ್ಬಿನವರು ಹುಡುಕಲು ಪೊಲೀಸರಿಗೆ ಹೇಳುತ್ತಾರೆ. ಹಾರಾಟ ಹೋಗುತ್ತದೆ ಎಂಬ ಸಂಕಟಕ್ಕಿಂತ, ಅವಳು ಆ ಹೊತ್ತಿನಲ್ಲಿ ಏನೇನು ಕಲ್ಪಿಸಿಕೊಳ್ಳುತ್ತಾಳೋ ಎಂಬುದೇ ನನ್ನನ್ನು ಹಿಂಡಿತು. ಪ್ಯಾಕನ್ನು ಕೈಯಲ್ಲಿ ತಿರುಗಿಸುತ್ತಾ ನಿಂತೆ. ಹಳದಿ ಟೇಪು ಕಂಡಿತು. ಎಂಬತ್ತು ಗ್ರಾಂ ನೆನಪಾಯಿತು.

ಟೇಪು ಕಿತ್ತೆ. ಕೆಳಗೆ ಉಗುರಿನಷ್ಟು ಸಣ್ಣ ಸ್ವಿಚ್ಚು. ಅದರ ಪಕ್ಕ ಮಡಿಸಿಟ್ಟ ಚೀಟಿಯಲ್ಲಿ ದುಂಡು ಅಕ್ಷರಗಳು: "ಇದು ಫೋನಿಗೆ ಅಲ್ಲ ಸರ."

ಸ್ವಿಚ್ಚು ತಳ್ಳಿದೆ, ಒಳಗೆ ಬೇರೆಯಾಗಿ ಬಚ್ಚಿಟ್ಟಿದ್ದ ಸೆಲ್ಲಿನಿಂದ ಯಂತ್ರ ಕಣ್ಣು ಬಿಟ್ಟಿತು. ಐದೂಕಾಲಿಗೆ ಸಂದೇಶ ಹೋಯಿತು. ನಾನು ಒಬ್ಬನೇ ಗಟ್ಟಿಯಾಗಿ ನಗತೊಡಗಿದೆ. ಮುದುಕರು ತಮ್ಮ ಮೇಕೆಗಳನ್ನು ಸ್ವಲ್ಪ ಆಚೆಗೆ ಹೊಡೆದುಕೊಂಡು ಹೋದರು.

ಸೋಮವಾರ ಲಗ್ಗೆರೆಗೆ ಹೋಗಿ ಪ್ಯಾಕನ್ನೂ ಅಡಾಪ್ಟರನ್ನೂ ಮೇಜಿನ ಮೇಲಿಟ್ಟೆ. ತಲೆ ತಗ್ಗಿಸಿಕೊಂಡೇ ನಿಂತಿದ್ದೆ. ಶಾಂತಕ್ಕ ಅಡಾಪ್ಟರನ್ನು ಬೆಳಕಿಗೆ ಹಿಡಿದು ನೋಡಿದರು.

"ಕೆಲಸ ಚಂದ ಮಾಡೀರಿ" ಎಂದರು. ಅದನ್ನು ಕ್ಯಾಲೆಂಡರಿನ ಮೊಳೆಗೆ ನೇತುಹಾಕಿ, ಹೊಸ ಟೇಪು ಹಚ್ಚಿದರು. ಬೈದಿದ್ದರೆ ಅಷ್ಟು ನಾಟುತ್ತಿರಲಿಲ್ಲ.

ನಾಲ್ಕು ವರ್ಷ ಆ ಟೇಪು ಹಾಗೇ ಇತ್ತು. ಹೋದ ವರ್ಷ ಒಂದು ಸಂಸ್ಥೆಯವರು ಗದಗದ ಕಡೆ ಹೆಣ್ಣುಮಕ್ಕಳಿಗೆ ಬ್ಯಾಟರಿ ಕಟ್ಟುವುದನ್ನು ಕಲಿಸಲು ಶಾಂತಕ್ಕನನ್ನು ಕರೆದರು. ಸಂಭ್ರಮದಿಂದಲೇ ಹೊರಟರು. ಹೋಗುವ ಮುಂಚೆ ನನ್ನನ್ನು ಕರೆಸಿ ಹೊಸ ಪ್ಯಾಕು ಕೊಟ್ಟರು. ಬೆಸುಗೆ ಯಂತ್ರಕ್ಕೆ ಆಗಲೇ ಗೋಣಿಚೀಲ ಸುತ್ತಿದ್ದರು, ನನ್ನ ಅಡಾಪ್ಟರನ್ನು ಅದರ ಹಿಡಿಗೆ ಕಟ್ಟಿದ್ದರು. "ಹುಡುಗೇರಿಗೆ ತೋರಸಾಕ ಬೇಕು ಸರ, ಶಾಣ್ಯಾ ಮಂದಿ ಏನ್ ಮಾಡ್ತಾರಂತ" ಎಂದು ನಕ್ಕರು.

ಪ್ಯಾಕನ್ನು ತಿರುಗಿಸಿ ನೋಡಿದೆ. ಬೆನ್ನ ಮೇಲೆ ಹಳದಿ ಟೇಪಿಲ್ಲ. ಕೈಗೂ ಹಗುರ ಅನ್ನಿಸಿತು.

"ಶಾಂತಕ್ಕ, ಎಂಬತ್ತು ಗ್ರಾಂ ಎಲ್ಲಿ?"

"ನಾಕು ವರ್ಷ ಟೇಪು ಹಚ್ಚಿಸ್ಕೊಳ್ಳಾಕ ಬಂದಿಲ್ಲ ನೀವು" ಎಂದರು. "ಇನ್ನ ಅದನ್ನ ಯಾಕ ಹೊರ್ತೀರಿ?"

ಅವರು ಹೋದ ಮೇಲೆ ಮೊದಲ ಭಾನುವಾರ ಗ್ಲೈಡರಿನಲ್ಲಿ ಕೂತು ಬೆಲ್ಟು ಬಿಗಿದುಕೊಳ್ಳುವ ಮುಂಚೆ ಫೋನು ಆರಿಸಿ ಚೀಲಕ್ಕೆ ಹಾಕಿದೆ. ಆಮೇಲೆ ಪ್ಯಾಕನ್ನು ಕೆನ್ನೆಗೆ ಒತ್ತಿಕೊಂಡೆ. ರೆಕ್ಕೆ ಹಿಡಿದು ನಿಂತ ಗೆಳೆಯರು ನಗುತ್ತಿದ್ದರು. ಪ್ಯಾಕು ತಣ್ಣಗಿತ್ತು.