ಊಟದ ಹೊತ್ತಿಗೆ ಆಡುವ ಕಾಲು

ಕಾಜಕ್ಕನಿಗೆ ಹೆತ್ತವರು ಇಟ್ಟ ಹೆಸರೇನೆಂದು ಆ ಬಟ್ಟೆ ಕಾರ್ಖಾನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಅಂಗಿಗೆ ಗುಂಡಿಯ ತೂತು ಹೊಲಿಯುವ ಕಾಜಾ ಮಷೀನಿನಲ್ಲಿ ಕೂತವಳು, ಹಾಗಾಗಿ ಕಾಜಕ್ಕ. ಹಠ ಅವಳಿಗೆ ಹೊಸದಲ್ಲ. ಗಂಡ ಸತ್ತಾಗ, "ಮನೆಯ ಮೂಲೆಯಲ್ಲಿ ತೆಪ್ಪಗೆ ಬಿದ್ದಿರು" ಎಂದ ಭಾವನಿಗೆ ದೊಡ್ಡ ನಮಸ್ಕಾರ ಹಾಕಿ, ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬಾಡಿಗೆ ಕೋಣೆ ಹಿಡಿದವಳು. ಆ ಮಗಳು ಈಗ ನರ್ಸಿಂಗ್ ಓದುತ್ತಿದ್ದಳು.

ಕಾರ್ಖಾನೆಯ ಹಿಂದಿನ ಮೆಟ್ಟಿಲ ಮೇಲೆ ಹೆಂಗಸರೆಲ್ಲ ಡಬ್ಬಿ ಬಿಚ್ಚಿ ಉಣ್ಣುವುದು ರೂಢಿ. ಒಬ್ಬಳ ಪಲ್ಯ ಇನ್ನೊಬ್ಬಳ ಡಬ್ಬಿಗೆ, ಒಬ್ಬಳ ಅತ್ತೆಯ ಸುದ್ದಿ ಎಲ್ಲರ ಬಾಯಿಗೆ. ಇದನ್ನು ನೋಡಿ ಯಜಮಾನರಿಗೆ ಒಂದು ಉಪಾಯ ಹೊಳೆಯಿತು. ಇನ್ನು ಮೇಲೆ ಬಿಸಿಯೂಟ ಕಾರ್ಖಾನೆಯದೇ, ಪುಕ್ಕಟೆ. ಗಾಡಿಯಲ್ಲಿ ಪ್ರತಿ ಮಷೀನಿನ ಮುಂದೆ ಬರುತ್ತದೆ. ಒಂದೇ ಷರತ್ತು, ಕೂತ ಸೀಟಿನಿಂದ ಏಳಬಾರದು.

ಎಲ್ಲರೂ ಹಿಗ್ಗಿದರು. ಕಾಜಕ್ಕನೂ ಹಿಗ್ಗಿದಳು. ಬೆಳಗ್ಗೆ ಎದ್ದು ಒಲೆ ಹಚ್ಚುವುದು ತಪ್ಪಿತಲ್ಲ, ಬೇಡ ಎನ್ನಲು ಅವಳೇನು ಸನ್ಯಾಸಿಯೇ? ಬಲಗೈಯಲ್ಲಿ ತುತ್ತು, ಎಡಗೈಯಲ್ಲಿ ಅಂಗಿ, ಕೆಳಗೆ ಕಾಲು ಪೆಡಲಿನ ಮೇಲೆ. ನೋಡನೋಡುತ್ತ ಮೆಟ್ಟಿಲು ಖಾಲಿಯಾಯಿತು, ಮಾತೂ ನಿಂತಿತು. ಯಾರ ಅತ್ತೆ ಬದುಕಿದ್ದಾಳೆ, ಯಾರ ಅತ್ತೆ ಸತ್ತಳು ಎನ್ನುವುದೂ ಗೊತ್ತಾಗದ ಹಾಗಾಯಿತು.

ಒಂದು ಭಾನುವಾರ ತಾಯಿ ಮಗಳು ಮನೆಯಲ್ಲಿ ಊಟಕ್ಕೆ ಕೂತಿದ್ದರು. ಮಗಳು ಇದ್ದಕ್ಕಿದ್ದಂತೆ ಕಿಸಕ್ಕನೆ ನಕ್ಕಳು. "ಅಮ್ಮಾ, ನಿನ್ನ ಕಾಲು ನೋಡ್ಕೋ."

ಸ್ಟೂಲಿನ ಮೇಲೆ ಕೂತ ಕಾಜಕ್ಕನ ಬಲಗಾಲು ಬರೀ ನೆಲವನ್ನು ಒತ್ತುತ್ತಿತ್ತು, ಬಿಡುತ್ತಿತ್ತು. ಗದರಿಸಿ ನಿಲ್ಲಿಸಿದಳು. ಮುಂದಿನ ತುತ್ತು ಬಾಯಿಗೆ ಹೋಗುತ್ತಲೇ ಕಾಲು ಮತ್ತೆ ಶುರು ಮಾಡಿತು. ಈ ಸಲ ಇಬ್ಬರೂ ನಗಲಿಲ್ಲ.

"ನಮಗೆ ಇದೇ ಪಾಠ ಆಗಿದೆ," ಎಂದಳು ಮಗಳು. ನಾಯಿಗಳ ಜೊಲ್ಲು ಅಳೆದು ದೊಡ್ಡ ಹೆಸರು ಮಾಡಿದ ಒಬ್ಬ ಶರೀರವಿಜ್ಞಾನಿ ಇದ್ದನಂತೆ. ಅವನ ಬಳಿ ಒಂದು ಸಾಧು ನಾಯಿ. ಯಾರನ್ನೂ ಕಚ್ಚದು, ಬೊಗಳದು, ಆದರೆ ಪ್ರಯೋಗದ ಕಟ್ಟೆಯಲ್ಲಿ ಪಟ್ಟಿ ಬಿಗಿದು ನಿಲ್ಲಿಸಿದರೆ ಮಾತ್ರ ಜಗ್ಗಾಡುತ್ತಿತ್ತು. ಕಾರಣ ಹುಡುಕಿ ಹುಡುಕಿ ಸಾಕಾಗಿ, ಇದು ಬಿಡುಗಡೆ ಬಯಸುವ ಹುಟ್ಟುಗುಣ ಎಂದು ಅವನು ಬರೆದನಂತೆ.

"ಭೇಷ್! ಆಮೇಲೆ?"

"ಆಮೇಲೆ ಊಟವನ್ನ ಆ ಕಟ್ಟೆ ಮೇಲೆ ಮಾತ್ರ ಕೊಟ್ಟರು. ಮೊದಮೊದಲು ಸರಿಯಾಗಿ ತಿನ್ನದೆ ಸೊರಗಿತು. ಕೊನೆಗೆ ಸುಮ್ಮನೆ ನಿಂತು ತಿನ್ನೋದು ಕಲಿತುಬಿಡ್ತು."

"ಹೊರಗೆ ಯಾರೂ ಅದಕ್ಕೊಂದು ತುತ್ತು ಹಾಕಲಿಲ್ವಾ?"

"ಹಾಕಿದ್ರೆ ಪ್ರಯೋಗ ಕೆಡಲ್ವಾ ಅಮ್ಮಾ?"

ಕಾಜಕ್ಕನ ಮೈ ಉರಿದುಹೋಯಿತು. "ಕೆಡಲಿ!" ಎಂದು ತಟ್ಟೆ ತಳ್ಳಿ ಎದ್ದಳು.

ಸೋಮವಾರ ಊಟದ ಗಾಡಿ ಬಂದಾಗ ಅವಳು ಮನೆಯ ಡಬ್ಬಿ ಹಿಡಿದು ಸೀಟಿನಿಂದ ಎದ್ದಳು. ಪಕ್ಕದಲ್ಲಿ ಕಾಲರ್ ಹೊಲಿಯುವವಳು, "ಅಕ್ಕನಿಗೆ ತಲೆ ಕೆಟ್ಟಿದೆ," ಎಂದು ಎಲ್ಲರಿಗೂ ಕೇಳುವಂತೆಯೇ ಹೇಳಿದಳು. ಮೆಟ್ಟಿಲ ಮೇಲೆ ಒಬ್ಬಳೇ ಕೂತು ಉಣ್ಣುವಾಗ ಕಾಜಕ್ಕನಿಗೆ ಅಳು ಬಂತು. ಅಲ್ಲೂ ಕಾಲು ಆಡುತ್ತಲೇ ಇತ್ತು.

ವಾರ ಕಳೆಯುವುದರೊಳಗೆ ಯಜಮಾನರು ಕರೆಸಿದರು. ಬೈಯಲಿಲ್ಲ, ಕುರ್ಚಿ ತೋರಿಸಿದರು. "ನೋಡಮ್ಮಾ, ನಿನ್ನಂಥ ಕೆಲಸಗಾರ್ತಿ ಇಲ್ಲ. ಸೂಪರ್‌ವೈಸರ್ ಮಾಡ್ತೀನಿ. ಇಡೀ ಸಾಲು ನಿನ್ನ ಕೈಯಲ್ಲಿ. ಊಟ ಮಾತ್ರ ಒಳಗೇ ಮಾಡು, ಉಳಿದವರು ಕೆಡ್ತಾರೆ. ಆಗಲ್ಲ ಅಂದ್ರೆ ನಾಳೆಯಿಂದ ದಾರ ಕತ್ತರಿಸೋಕೆ ಹೋಗು."

ಸೂಪರ್‌ವೈಸರ್ ಕೆಲಸದ ಮೇಲೆ ಅವಳಿಗೆ ಎಷ್ಟೋ ವರ್ಷಗಳಿಂದ ಆಸೆ. ದಾರ ಕತ್ತರಿಸುವುದೆಂದರೆ ಹೊಸದಾಗಿ ಸೇರಿದವರ ಜೊತೆ ನೆಲದ ಮೇಲೆ ಕೂರುವುದು. ಆದರೂ ಆ ನಾಯಿಯ ಕಥೆಯನ್ನು ಒಂದಕ್ಷರ ಬಿಡದೆ ಹೇಳಿದಳು.

ಯಜಮಾನರ ಮುಖ ಕೆಂಪಾಯಿತು. "ನಿನ್ನನ್ನ ನಾಯಿ ಅಂತ ಯಾರಮ್ಮ ಅಂದ್ರು?"

"ನೀವು ಅಂದಿಲ್ಲ ಸಾರ್. ನನ್ನ ಕಾಲು ಅಂತು," ಎಂದಳು ಕಾಜಕ್ಕ. "ಪಾಪ, ಆ ನಾಯಿಗೆ ಹೊರಗೆ ಅನ್ನ ಹಾಕೋರು ಇರಲಿಲ್ಲ. ನನ್ನ ಅನ್ನ ನಾನೇ ಬೇಯಿಸಿ ತಂದಿದ್ದೀನಿ. ಕತ್ತರಿ ಎಲ್ಲಿ ಸಿಗುತ್ತೆ ಹೇಳಿ."

ಕಾಜಾ ಮಷೀನು ಬೇರೊಬ್ಬಳ ಪಾಲಾಯಿತು. ನೆಲದ ಮೇಲೆ ಕೂತು ದಾರ ಕತ್ತರಿಸಿ ಅವಳ ಸೊಂಟ ಬಿದ್ದುಹೋಯಿತು. ಆದರೂ ಊಟದ ಹೊತ್ತಿಗೆ ಸೊಂಟ ಹಿಡಿದುಕೊಂಡೇ ಮೆಟ್ಟಿಲಿಗೆ ನಡೆಯುತ್ತಿದ್ದಳು. ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು, ಬೇಕೆಂದೇ ನಿಧಾನವಾಗಿ ಅಗಿಯುತ್ತಿದ್ದಳು. ಯಾವಾಗ ಎನ್ನುವುದು ಅವಳಿಗೇ ತಿಳಿಯದಂತೆ ಕಾಲು ಸುಮ್ಮನಾಗಿತ್ತು.

ಒಂದು ಮಧ್ಯಾಹ್ನ ಬಾಗಿಲ ಬಳಿ ಯಾರೋ ನಿಂತಂತಾಯಿತು. ಕಾಲರ್ ಹೊಲಿಯುವವಳು. ಸೆರಗಿನ ಮರೆಯಲ್ಲಿ ಡಬ್ಬಿ.

"ಅಕ್ಕಾ," ಎಂದಳು, ತಲೆ ಎತ್ತದೆ. "ನಿನ್ನೆ ಮಗೂಗೆ ಹಾಲು ಕುಡಿಸ್ತಾ ಇದ್ದೆ. ಆಗಲೂ ನನ್ನ ಕಾಲು ಆಡ್ತಾ ಇತ್ತು."

ಕಾಜಕ್ಕ ಪಕ್ಕಕ್ಕೆ ಸರಿದು ಜಾಗ ಮಾಡಿದಳು. "ಕೂತ್ಕೋ. ನಿಧಾನಕ್ಕೆ ಉಣ್ಣು. ನಿಲ್ಲುತ್ತೆ."