ಅರ್ಧ ಪಾಲಿನ ಬರೋಲೊ

ನನ್ನ ಕಬ್ಬಿಣದ ಬೀರುವಿನ ಮೇಲೆ ಹತ್ತು ವರ್ಷ ಅಟೆನ್ಷನ್ನಿನಲ್ಲಿ ನಿಂತಿದ್ದ ಒಂದು ಬಾಟಲಿಯ ಬಗ್ಗೆ ಕೆಲವು ಸಂಗತಿಗಳನ್ನು ದಾಖಲಿಸುವುದು ನನ್ನ ಕರ್ತವ್ಯ. ಅದು ಕೆಂಪು ವೈನ್. ಹೆಸರು ಬರೋಲೊ. ಹುಟ್ಟಿದ್ದು ಇಟಲಿಯಲ್ಲಿ, ಆಲ್ಪ್ಸ್ ಪರ್ವತದ ತಪ್ಪಲಿನ ಪಿಯೆಮೊಂಟೆ ಎಂಬ ಹಳೆಯ ಸೀಮೆಯಲ್ಲಿ. ವಾಸ ಕೌಲಾಲಂಪುರದ ಬ್ರಿಕ್‌ಫೀಲ್ಡ್ಸ್‌ನಲ್ಲಿ, ನಾನು ಬಾಡಿಗೆಗಿರುವ ಒಂದು ಕೋಣೆಯ ಮನೆಯಲ್ಲಿ. ಒಡೆಯರು ಇಬ್ಬರು: ಮೈಸೂರಿನವನಾದ ನಾನು ಮತ್ತು ಹುಬ್ಬಳ್ಳಿಯ ಒಬ್ಬ ಸಾಹೇಬರು. ಸಾಹೇಬರು ಕುಡಿಯುವುದಿಲ್ಲ, ಅವರ ಧರ್ಮ ಒಪ್ಪುವುದಿಲ್ಲ. ನಾನೂ ಕುಡಿಯುವುದಿಲ್ಲ, ಆದರೆ ನನ್ನ ಹಿಂದೆ ಅಂಥ ಘನವಾದ ಕಾರಣವೇನೂ ಇಲ್ಲ. ಹರೆಯದಲ್ಲಿ ಯಾರೂ ಕರೆಯಲಿಲ್ಲ, ಆಮೇಲೆ ವಯಸ್ಸಾಯಿತು.

ನಾನು ಕ್ಲಾಂಗ್ ಬಂದರಿನ ಒಂದು ಸರಕು ಸಾಗಣೆ ಕಚೇರಿಯಲ್ಲಿ ಕಾಗದಪತ್ರ ನೋಡುವವನು. ಲೋಕದ ಅರ್ಧ ವಸ್ತುಗಳನ್ನು ನಾನು ಬಲ್ಲೆ, ಒಂದನ್ನೂ ಕಂಡಿಲ್ಲ. ಹತ್ತು ವರ್ಷದ ಹಿಂದೆ ಚೀನೀ ಹೊಸವರ್ಷದ ರಜೆಯಲ್ಲಿ, ಮಾಡಲು ಬೇರೆ ಕೆಲಸವಿಲ್ಲದೆ ಕಚೇರಿಗೆ ಹೋಗಿದ್ದೆ. (ಮದುವೆಯ ಯಾವ ದಾಖಲೆಯಲ್ಲೂ ನನ್ನ ಹೆಸರು ನಮೂದಾಗಿಲ್ಲ, ಆದ್ದರಿಂದ ರಜೆಗಳು ನನಗೆ ಉದ್ದ.) ವೈನ್ ತುಂಬಿದ ಒಂದು ತಂಪು ಕಂಟೇನರಿನ ಉಷ್ಣಾಂಶದ ಪಟ್ಟಿ ನೋಡಿದರೆ, ಹದಿನಾಲ್ಕು ಡಿಗ್ರಿ ಇರಬೇಕಾದದ್ದು ಮೆಲ್ಲಗೆ ಏರುತ್ತಿತ್ತು. ಯಾರ್ಡಿಗೆ ಫೋನ್ ಮಾಡಿದೆ. ರಜೆಯಲ್ಲೂ ಡ್ಯೂಟಿಯಲ್ಲಿದ್ದ ಎಲೆಕ್ಟ್ರಿಕಲ್ ಎಂಜಿನಿಯರು ಎತ್ತಿಕೊಂಡರು; ಅವರೇ ಈ ಸಾಹೇಬರು. ನನ್ನ ಇಂಗ್ಲಿಷನ್ನು ಎರಡು ವಾಕ್ಯ ಸಹಿಸಿಕೊಂಡು ಕೇಳಿದರು:

"ನೀವು ಕನ್ನಡದವ್ರೇನ್ರಿ?"

"ಹೌದು. ಹೇಗೆ ಗೊತ್ತಾಯ್ತು?"

"ಇಷ್ಟು ಸಾವಕಾಶ ಮತ್ಯಾರು ಗಾಬರಿ ಆಗ್ತಾರ್ರಿ? ಇರ್ರಿ, ಪ್ಲಗ್ ಕಿತ್ತೇತೇನು ನೋಡ್ತೀನಿ."

ಪ್ಲಗ್ ಕಿತ್ತಿತ್ತು. ಸಾಹೇಬರು ಚುಚ್ಚಿದರು. ವೈನ್ ಉಳಿಯಿತು. ಕೆಲವು ತಿಂಗಳಾದ ಮೇಲೆ ಆ ಸರಕು ಕಳಿಸಿದ್ದ ಪಿಯೆಮೊಂಟೆಯ ವ್ಯಾಪಾರಿಯಿಂದ ಒಂದು ಬಾಟಲಿಯೂ ಚೀಟಿಯೂ ಬಂದವು: ಇದು ನಿಮ್ಮಿಬ್ಬರಿಗೆ, ಈಗಲೇ ತೆರೆಯಬೇಡಿ, ಹತ್ತು ವರ್ಷ ಕಾಯಿರಿ.

"ನನ್ನ ಪಾಲು ನಿಮಗ ಬಿಟ್ಟೇನ್ರಿ ರಾಯರ," ಎಂದರು ಸಾಹೇಬರು.

"ಹಾಗೆಲ್ಲ ಬಿಡೋಕಾಗಲ್ಲ ಸಾಹೇಬ್ರೇ. ಚೀಟಿಯಲ್ಲಿ ಇಬ್ಬರ ಹೆಸರಿದೆ."

ಕಾಗದದಲ್ಲಿ ಇದ್ದದ್ದು ನನಗೆ ಇದ್ದ ಹಾಗೇ ಲೆಕ್ಕ. ಹೀಗಾಗಿ ಪ್ರತಿ ಚೀನೀ ಹೊಸವರ್ಷದ ಮೂರನೆಯ ದಿನ ಬಾಟಲಿಯ ಜಂಟಿ ತಪಾಸಣೆ ನಡೆಸುವುದೆಂದು ತೀರ್ಮಾನವಾಯಿತು. ಸಾಹೇಬರು ಕ್ಲಾಂಗಿನಿಂದ ರೈಲು ಹತ್ತಿ ಬರುತ್ತಿದ್ದರು. ನಾನು ಕಚೇರಿಯ ನಮೂನೆಯಲ್ಲೇ ವರದಿ ಬರೆಯುತ್ತಿದ್ದೆ: ಸೀಲು ಭದ್ರವಾಗಿದೆ, ಸೋರಿಕೆ ಇಲ್ಲ, ಒಡೆಯರು ಹಾಜರು. ಕೆಳಗೆ ನನ್ನ ಸಹಿ, ಪಕ್ಕದಲ್ಲಿ ಸಾಕ್ಷಿಯ ಸಹಿ. ಅವರು ಎರಡಡಿ ದೂರದಿಂದ, ಕೈ ಹಿಂದೆ ಕಟ್ಟಿಕೊಂಡು, ಗಣ್ಯರು ಸೇತುವೆ ವೀಕ್ಷಿಸುವ ಹಾಗೆ ಬಾಟಲಿಯನ್ನು ವೀಕ್ಷಿಸಿ ಸಹಿ ಹಾಕುತ್ತಿದ್ದರು. ಬಳಿಕ ಕೆಳಗಿನ ಮಾಮಕ್ ಅಂಗಡಿಯಲ್ಲಿ, ಅಂದರೆ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ಎತ್ತರದಿಂದ ಸುರಿದು ನೊರೆ ಬರಿಸಿದ ಚಹಾ. ಅದು ವರ್ಷದ ತಪಾಸಣೆ. ಚಹಾ ಮಾತ್ರ ಪ್ರತಿ ಶನಿವಾರಕ್ಕೂ ವಿಸ್ತರಿಸಿತು.

ಆ ಚಹಾದ ಹೊತ್ತಿನಲ್ಲಿ ಪಿಯೆಮೊಂಟೆಯ ಬಗ್ಗೆ ನನ್ನ ಉಪನ್ಯಾಸ ಇರುತ್ತಿತ್ತು. ನಾನು ಆ ಸೀಮೆಗೆ ಹೋಗಿಲ್ಲ, ಆದರೆ ಅದರ ವಿಳಾಸವನ್ನು ಎಷ್ಟು ಸಲ ಬರೆದಿದ್ದೇನೆಂದರೆ ಅಲ್ಲಿಯವನೇ ಆಗಿಬಿಟ್ಟಿದ್ದೆ. ಗುಡ್ಡಕ್ಕೊಂದು ಕೋಟೆ, ಕೋಟೆಯ ಕೆಳಗೆ ಸಾಲುಸಾಲು ದ್ರಾಕ್ಷಿ. ಅಕ್ಟೋಬರಿನಲ್ಲಿ ಕಣಿವೆಯಿಂದ ಮಂಜು ಮೇಲೇರಿ ಬಳ್ಳಿಗಳನ್ನು ಮುಚ್ಚುತ್ತದೆ. ಆ ಮಂಜಿನಲ್ಲೇ ನೆಬಿಯೊಲೊ ಎಂಬ ದ್ರಾಕ್ಷಿ ಎಲ್ಲಕ್ಕಿಂತ ತಡವಾಗಿ ಹಣ್ಣಾಗುತ್ತದೆ. ಎಳೆಯ ಬರೋಲೊ ಬಾಳೆಕಾಯಿಯ ಹಾಗೆ ನಾಲಿಗೆಗೆ ಒಗರು. ಹಳೆಯದನ್ನು ಆ ಸೀಮೆಯನ್ನಾಳಿದ ಅರಸರು ಊಟದ ಮೇಜಿಗೆ ತರಿಸುತ್ತಿದ್ದರು.

"ಅರಸರು ಕುಡೀತಿದ್ದದ್ದನ್ನ ನೀವು ಬೀರು ಮ್ಯಾಲೆ ಇಟ್ಟೀರಿ," ಎನ್ನುತ್ತಿದ್ದರು ಸಾಹೇಬರು. "ಅದ್ರ ಪಕ್ಕ ಇಸ್ತ್ರಿ ಪೆಟ್ಟಿಗಿ."

ಇಲ್ಲಿ ತಪ್ಪೊಪ್ಪಿಗೆ ಬೇಕು. ವೈನ್ ಬಾಟಲಿಯನ್ನು ಮಲಗಿಸಿಡಬೇಕು, ಬಿರಡೆ ಒದ್ದೆಯಾಗಿರಬೇಕು, ತಂಪಾಗಿರಬೇಕು ಎಂದು ನನಗೆ ಗೊತ್ತಿತ್ತು. ಹದಿನಾಲ್ಕು ಡಿಗ್ರಿ ಎಂದು ನೂರಾರು ಪತ್ರಗಳಲ್ಲಿ ನನ್ನ ಕೈಯಾರೆ ಬರೆದವನು ನಾನು. ಆದರೆ ಅದು ಸರಕಿನ ವಿಷಯ. ಇದು ಉಡುಗೊರೆ. ಬಂದ ಅತಿಥಿಯನ್ನು ಅಡ್ಡ ಮಲಗಿಸುವುದು ನನಗೆ ಸರಿಕಾಣಲಿಲ್ಲ. ಕೋಣೆಯಲ್ಲಿ ಎ.ಸಿ. ಇರಲಿಲ್ಲ, ಬೀರುವಿನ ಮೇಲಿನ ಸೆಕೆಗೆ ನನ್ನ ಮೇಣದಬತ್ತಿಗಳು ಬಾಗಿಹೋಗಿದ್ದವು. ಅದನ್ನು ಕಂಡೂ ನನಗೆ ಏನೂ ಹೊಳೆಯಲಿಲ್ಲ.

ಹತ್ತನೆಯ ವರ್ಷದ ತಪಾಸಣೆಗೆ ಎರಡು ವಾರವಿರುವಾಗ ಸಾಹೇಬರು ಚಹಾದ ಲೋಟ ಕೆಳಗಿಟ್ಟು, "ಕಾಂಟ್ರ್ಯಾಕ್ಟ್ ಮುಗೀತ್ರಿ. ಹುಬ್ಬಳ್ಳಿಗೆ ಹೊಂಟೆ," ಎಂದರು. ಮನೆಯವರು ಆಗಲೇ ಅಲ್ಲಿದ್ದರು. ಹೋಗುವುದು ತಪಾಸಣೆಯ ಮರುದಿನ.

ಬ್ರಿಕ್‌ಫೀಲ್ಡ್ಸ್‌ನಲ್ಲಿ ನಾನು ತರಕಾರಿ ಕೊಳ್ಳುವುದು ತಮಿಳಿನಲ್ಲಿ, ಕಚೇರಿಯಲ್ಲಿ ಇಂಗ್ಲಿಷು, ಲಿಫ್ಟಿನಲ್ಲಿ ಮಲಯ್. ಪಕ್ಕದ ಬಾಂಗ್ಸಾರ್ ಬಡಾವಣೆಯಲ್ಲಿ ಕನ್ನಡದ ಸಂಸಾರಗಳಿವೆ, ಒಳ್ಳೆಯ ಜನ, ಹಬ್ಬಕ್ಕೆ ಕರೆಯುತ್ತಾರೆ. ಅವರ ಮಕ್ಕಳು ನನ್ನ ಕನ್ನಡಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು ಒಳಗೆ ಓಡುತ್ತಾರೆ. ವಾರಕ್ಕೊಮ್ಮೆ ನನ್ನನ್ನು ಬೈಯಲು ಇದ್ದವರು ಸಾಹೇಬರೊಬ್ಬರೇ. ಅವರು ಹೋಗುವ ಮೊದಲು ಆ ಬಾಟಲಿಯಿಂದ ಇಬ್ಬರೂ ಒಂದು ತೊಟ್ಟಾದರೂ ಹಂಚಿಕೊಳ್ಳುವ ದಾರಿ ಇದ್ದಿದ್ದರೆ ಎಂದು ಎರಡು ವಾರ ಯೋಚಿಸಿದೆ. ದಾರಿ ಇರಲಿಲ್ಲ.

ತಪಾಸಣೆಯ ದಿನ ಬೆಳಿಗ್ಗೆ ಬಂದರು. ಬಾಟಲಿಯನ್ನು ಇಳಿಸಿದೆ. ಬಿರಡೆ ತೆಗೆಯುವ ಸಲಕರಣೆ ನನ್ನಲ್ಲಿರಲಿಲ್ಲ.

"ಒಂದು ಉದ್ದನ್ನ ಸ್ಕ್ರೂ ತಗೋರಿ. ಇಕ್ಕಳ ಐತಿಲ್ಲ? ನಾ ಮುಟ್ಟಂಗಿಲ್ಲ, ಹೇಳ್ತೀನಿ. ತಿರುಗಸ್ರಿ. ಬಲಕ್ಕ! ಬಲಕ್ಕ ಅಂದ್ರ ಬಲಕ್ಕ, ರಾಯರ. ನಿಮ್ಮ ಮೈಸೂರಾಗ ಅದು ಯಾವ ಕಡಿ ಐತಿ?"

ಎಳೆದೆ. ಬಿರಡೆ ಒಣಗಿದ ಚಕ್ಕುಲಿಯ ಹಾಗೆ ಪುಡಿಪುಡಿಯಾಯಿತು. ಕೋಣೆಯ ತುಂಬ ಹುಳಿ ವಾಸನೆ ಎದ್ದಿತು. ಪಿಯೆಮೊಂಟೆಯ ಅರಸರಿಗೆ ನಾನು ಮಾಡಿದ ಅವಮಾನದ ಮುಂದೆ ತಲೆ ತಗ್ಗಿಸಿ ನಿಂತೆ.

ಸಾಹೇಬರು ಮಾತ್ರ ಕುರ್ಚಿಯಿಂದ ಎದ್ದರು. ಹತ್ತು ವರ್ಷದಲ್ಲಿ ಮೊದಲ ಸಲ ಎರಡಡಿಯ ಗಡಿ ದಾಟಿ ಬಂದರು. "ರಾಯರ! ಇದು ಸಿರ್ಕಾ ಆಗಾಕತ್ತೇತ್ರಿ!"

ಸಿರ್ಕಾ ಎಂದರೆ ವಿನೆಗರ್. ಅವರ ತಾಯಿ ವಿಜಯಪುರದ ಕಡೆಯವರಂತೆ. ಮನೆಯಲ್ಲೇ ದ್ರಾಕ್ಷಿಯ ಸಿರ್ಕಾ ಮಾಡುತ್ತಿದ್ದರಂತೆ. ತಾನಾಗಿ ಪೂರ್ತಿ ಸಿರ್ಕಾ ಆದದ್ದನ್ನು ತಿನ್ನಲು ಅವರ ಧರ್ಮದಲ್ಲಿ ಅಡ್ಡಿಯಿಲ್ಲ. ಅದರಲ್ಲಿ ಹೆಚ್ಚಿ ಹಾಕಲು ನಾನು ಆಗಲೇ ಈರುಳ್ಳಿ ಹುಡುಕತೊಡಗಿದ್ದೆ.

"ತಡೀರಿ, ತಡೀರಿ," ಎಂದರು. ಇನ್ನೊಮ್ಮೆ ಮೂಸಿದರು. ಮುಖ ಇಳಿಯಿತು. "ಪೂರ್ತಿ ಆಗಿಲ್ಲ. ಒಳಗ ಇನ್ನೂ ಅದರ ವಾಸನಿ ಐತಿ. ಜಾಡಿಗೆ ಹಾಕಿ, ಬಾಯಿಗೆ ತೆಳು ಅರಿವಿ ಕಟ್ಟಿ ಬಿಡ್ರಿ. ಏನೂ ಬೆರಸಬ್ಯಾಡ್ರಿ, ತಾನ ಆಗ್ಬೇಕು. ಇನ್ನೊಂದು ಮೂರು ತಿಂಗಳು ಬೇಕ್ರಿ."

ಮೂರು ತಿಂಗಳು ಇದ್ದು ಹೋಗಿ ಎಂದು ಹೇಳಬೇಕೆನಿಸಿತು. ಹೇಳಿದರೆ ಏನಾಗುತ್ತಿತ್ತೋ. ನಾನು ಕೇಳಿದ್ದು, "ನಾಳೆ ಫ್ಲೈಟ್ ಎಷ್ಟು ಗಂಟೆಗೆ?"

ಅವರು ಗಂಟೆ ಹೇಳಿದರು. ವರದಿಗೆ ಸಹಿ ಹಾಕಿದರು. ಆ ದಿನದ ಚಹಾ ಇಬ್ಬರಿಗೂ ಬೇಗ ಮುಗಿಯಿತು.

ಉಪ್ಪಿನಕಾಯಿ ಜಾಡಿಯನ್ನು ತೊಳೆದು ಒಣಗಿಸಿ, ಹಳೆಯ ಪಂಚೆಯ ತುಂಡು ಕಟ್ಟಿ, ಅಡುಗೆಮನೆಯ ಮೂಲೆಯಲ್ಲಿಟ್ಟೆ. ಶನಿವಾರಗಳು ಬಂದವು. ಮಾಮಕ್ ಅಂಗಡಿಯವನು ಅಭ್ಯಾಸಬಲದಿಂದ ಎರಡು ಲೋಟ ತಂದಿಟ್ಟ. ಮೂರನೆಯ ವಾರ ತಾನೇ ತಿದ್ದಿಕೊಂಡ. ಆಮೇಲೆ ನಾನು ಚಹಾವನ್ನು ತಪಾವ್, ಅಂದರೆ ಪೊಟ್ಟಣ ಕಟ್ಟಿಸಿ, ಮನೆಗೆ ತರತೊಡಗಿದೆ. ಜಾಡಿಯಲ್ಲಿ ಮೊದಲು ಮೇಲೊಂದು ಕೆನೆ ಕಟ್ಟಿತು, ಆಮೇಲೆ ಅದು ತಳಕ್ಕೆ ಕೂತಿತು. ಇಡೀ ಮನೆಯಲ್ಲಿ ಏನಾದರೊಂದು ಬದಲಾಗುತ್ತಿದ್ದದ್ದು ಅಲ್ಲಿ ಮಾತ್ರ.

ನಾಲ್ಕನೆಯ ತಿಂಗಳು ಅದರಲ್ಲಿ ಹುಳಿಯಲ್ಲದೆ ಬೇರೇನೂ ಉಳಿದಿರಲಿಲ್ಲ. ಸಾಹೇಬರು ಫೋನಿನಲ್ಲಿ ಹತ್ತು ಪ್ರಶ್ನೆ ಕೇಳಿ, ತಮ್ಮ ಮೌಲ್ವಿಗಳನ್ನೂ ವಿಚಾರಿಸಿ, "ಆತ್ರಿ. ಈಗ ನನ್ನ ಪಾಲು ನಾ ಬಿಡಂಗಿಲ್ಲ," ಎಂದರು.

ಅರ್ಧವನ್ನು ಸಣ್ಣ ಬಾಟಲಿಗೆ ತುಂಬಿ, ಮೇಣದಿಂದ ಮುಚ್ಚಿ, ಪೆಟ್ಟಿಗೆಯಲ್ಲಿಟ್ಟು, ಮೂರು ಪ್ರತಿಗಳಲ್ಲಿ ಕಾಗದ ಸಿದ್ಧಪಡಿಸಿದೆ. ಇಷ್ಟು ನಿರ್ದೋಷವಾದ ದಾಖಲೆಯನ್ನು ನನ್ನ ಇಡೀ ವೃತ್ತಿಯಲ್ಲಿ ನಾನು ಮಾಡಿಲ್ಲ. ಕೊರಿಯರ್ ಕೌಂಟರಿನ ಹೆಂಗಸು ಅದನ್ನು ನೋಡಲೇ ಇಲ್ಲ. ಪೆಟ್ಟಿಗೆಯನ್ನು ಕಿವಿಯ ಹತ್ತಿರ ಅಲುಗಾಡಿಸಿ, "ಅಂಕಲ್, ಲಿಕ್ವಿಡ್ ಕ್ಯಾನಾಟ್ ಲಾ," ಎಂದು, ಅಂದರೆ ದ್ರವ ಕಳಿಸುವಂತಿಲ್ಲವೆಂದು, ಮರಳಿ ತಳ್ಳಿದರು. ಜೀವಮಾನವಿಡೀ ಊರವರ ಸರಕನ್ನು ಸಮುದ್ರ ದಾಟಿಸಿದವನು ನನ್ನದನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ನಡೆದೆ.

ಮಧ್ಯಾಹ್ನ ಈರುಳ್ಳಿ, ಸೌತೆಕಾಯಿ ಹೆಚ್ಚಿ, ಉಪ್ಪು ಹಾಕಿ, ನನ್ನ ಪಾಲಿನಿಂದ ಎರಡು ಚಮಚ ಸುರಿದು ಅವರಿಗೆ ವಿಡಿಯೊ ಕಾಲ್ ಮಾಡಿದೆ. ಅವರೂ ಊಟಕ್ಕೆ ಕೂತಿದ್ದರು. ಹಿಂದೆ ಮನೆತುಂಬ ಜನರ ಸದ್ದು.

"ಹೆಂಗೈತ್ರಿ?"

"ಚೆನ್ನಾಗಿದೆ ಸಾಹೇಬ್ರೇ. ಹುಳಿ ಸ್ವಲ್ಪ ಜಾಸ್ತಿ."

"ಮತ್ತೇನ್ರಿ, ಹತ್ತು ವರ್ಷ ನಿಂದ್ರಿಸೀರಲ್ಲ ಪಾಪ ಅದನ್ನ. ಸಿಟ್ಟು ಬಂದೇತಿ." ನಕ್ಕರು. ಆಮೇಲೆ, "ವರದಿ ಬರದ್ರೇನು? ನನ್ನ ಸಹಿ ಜಾಗ ಖಾಲಿ ಬಿಡ್ರಿ. ಬಂದು ಹಾಕ್ತೀನಿ."

"ಬಿಟ್ಟಿದ್ದೀನಿ," ಎಂದೆ. ಅವರನ್ನು ಯಾರೋ ಕರೆದರು, ಎದ್ದು ಹೋದರು.

ತಟ್ಟೆ ತೊಳೆದು ವರದಿ ಮುಗಿಸಿದೆ. ಷರಾ ಎಂಬಲ್ಲಿ ಬರೆದೆ: ಅರ್ಧ ಪಾಲು ವಿಲೇವಾರಿಯಾಗಿಲ್ಲ, ಒಡೆಯರು ಬರುವವರೆಗೆ ದಾಸ್ತಾನಿನಲ್ಲಿದೆ. ಸಣ್ಣ ಬಾಟಲಿಯನ್ನು ಪೆಟ್ಟಿಗೆಯಿಂದ ತೆಗೆದು ಫ್ರಿಜ್ಜಿನಲ್ಲಿಟ್ಟೆ. ಈ ಸಲ ಮಲಗಿಸಿ.