ಅಂಗಾರನ ಕಿವಿ, ಕಿನ್ನಿಯ ಸ್ವರ

ಬೆಂಗ್ರೆಯ ಅಂಗಾರ ಕಿವಿಯಿಂದ ಮೀನು ಹಿಡಿಯುವವ. ನಗಬೇಡಿ, ಪೂರ್ತಿ ಕೇಳಿ. ಕೊಡ್ಡಾಯಿ ಮೀನು ಗುಂಪುಗಟ್ಟಿ ಬರುವಾಗ ನೀರಿನೊಳಗೆ ಗೊರ್ ಗೊರ್ ಎಂದು ಸದ್ದು ಮಾಡುತ್ತದೆ. ದೋಣಿಯ ಹುಟ್ಟನ್ನು ನೀರಿಗಿಳಿಸಿ ಅದರ ಹಿಡಿಗೆ ಕಿವಿಕೊಟ್ಟು ಕೂತರೆ ಆ ಸದ್ದು ಮರವನ್ನೇ ಹತ್ತಿಕೊಂಡು ಮೇಲೆ ಬರುತ್ತದೆ. ಎಲ್ಲರಿಗೂ ಅದು ತಿಳಿಯುವುದಿಲ್ಲ. ಅಂಗಾರನಿಗೆ ತಿಳಿಯುತ್ತಿತ್ತು. ಅವನು ಕೈ ಎತ್ತಿ ತೋರಿಸಿದ ದಿಕ್ಕಿಗೆ ತಾಂಡೇಲ ಚೆನ್ನಪ್ಪ ಮರುಮಾತಿಲ್ಲದೆ ಬಲೆ ಬಿಡಿಸುತ್ತಿದ್ದ. ದೋಣಿ ನಡೆಸುವವನು ತಾಂಡೇಲನೇ ಆದರೂ ದೋಣಿಯ ಕಿವಿ ಅಂಗಾರನದು.

ಆದರೆ ಆ ಕಿವಿಗೆ ಹೆಚ್ಚು ಪ್ರೀತಿಯ ಸದ್ದು ಸಮುದ್ರದಲ್ಲಿರಲಿಲ್ಲ. ಅವನ ಹೆಂಡತಿ ಕಿನ್ನಿ ಬುಟ್ಟಿ ಹೊತ್ತು ಹೊಳೆಯಾಚೆಯ ಜೆಪ್ಪಿನ ಮನೆಮನೆಗೆ ಮೀನು ಕೊಟ್ಟು ಬರುವವಳು. ಸಂಜೆ ಒಲೆಯ ಮುಂದೆ ಕೂತು, ಆ ದಿನ ಯಾರು ಹೇಗೆ ಚೌಕಾಸಿ ಮಾಡಿದರು ಎಂಬುದನ್ನು ಅವರವರ ಸ್ವರದಲ್ಲೇ ಆಡಿ ತೋರಿಸುತ್ತಿದ್ದಳು. ಒಬ್ಬರು ಅಮ್ಮ ಬಂಗುಡೆಯ ಕಿವಿರು ಬಿಡಿಸಿ ಮೂಗಿನಲ್ಲಿ ರಾಗ ಎಳೆದರಂತೆ, “ಇದು ನಿನ್ನೆಯದ್ದಲ್ವಾ ಕಿನ್ನೀ?” ಇವಳು ಅಂದಳಂತೆ, “ಹೌದಮ್ಮ, ನಿನ್ನೆ ಸಮುದ್ರದಲ್ಲಿತ್ತು.” ಅಂಗಾರ ಗಂಜಿ ಬಟ್ಟಲು ಕೆಳಗಿಟ್ಟು ನಗುತ್ತಿದ್ದ. ಬೆಳಿಗ್ಗೆಯಿಂದ ಉಪ್ಪುನೀರಲ್ಲಿ ಮೈ ಒಡೆದುಕೊಂಡದ್ದು ಆ ಹೊತ್ತಿಗೆ ಮರೆತೇ ಹೋಗುತ್ತಿತ್ತು.

ಎರಡನೇ ಮಹಾಯುದ್ಧ ಸುರುವಾಗುವುದಕ್ಕೆ ಮುಂಚಿನ ವರ್ಷ, ಮಳೆಗಾಲ ಕಳೆದ ಮೇಲೆ ಬಲೆ ಒಮ್ಮೆ ಕಲ್ಲಿಗೆ ಸಿಕ್ಕಿಕೊಂಡಿತು. ಅಂಗಾರನಿಗೆ ಶೀತವಾಗಿ ಮೂಗು ಕಟ್ಟಿತ್ತು. ಆ ಸ್ಥಿತಿಯಲ್ಲೇ ಮುಳುಗಿದ. ಕೆಳಗೆ ಎರಡೂ ಕಿವಿಯೊಳಗೆ ಏನೋ ಟಪ್ ಎಂದಿತು. ಮೇಲೆ ಬಂದವನು ತಲೆ ಹಿಡಿದುಕೊಂಡೇ ದಡ ಸೇರಿದ. ಆಮೇಲೆ ಕಿವಿಯಿಂದ ಕೀವು ಬಂತು.

ಅವನ ತಾಯಿ ಅಮ್ಮಣ್ಣಿ ಬೆಳ್ಳುಳ್ಳಿ ಹಾಕಿ ತೆಂಗಿನೆಣ್ಣೆ ಕಾಯಿಸಿ ಬಿಸಿಬಿಸಿ ಹೊಯ್ದಳು. ಮೇಲೆ ಬಟ್ಟೆ ತುರುಕಿ, ತಲೆಗೆ ಸುತ್ತು ಮುಂಡಾಸು ಕಟ್ಟಿದಳು. ಕೀವು ನಿಲ್ಲಲಿಲ್ಲ, ಇನ್ನಷ್ಟು ಎಣ್ಣೆ ಹೊಯ್ದಳು. ಒಡೆದ ಕಿವಿಗೆ ಎಣ್ಣೆ ಹೊಯ್ಯುವುದೆಂದರೆ ಹುಣ್ಣಿನೊಳಗೆ ಕೆಸರು ಕಲಸಿದ ಹಾಗೆ. ಈಗಲೂ ಹೊಯ್ಯುವವರಿದ್ದಾರೆ. ಬೇಡವೆಂದರೆ ಜಗಳಕ್ಕೆ ಬರುತ್ತಾರೆ. ಬರಲಿ, ನಾನು ಹೇಳುವುದನ್ನು ಬಿಡುವವನಲ್ಲ. ಆದರೆ ಅಮ್ಮಣ್ಣಿಯನ್ನು ಬೈಯಲು ಬಾಯಿ ಬರುವುದಿಲ್ಲ. ಮಗನ ನೋವಿಗೆ ಅವಳಿಗೆ ಗೊತ್ತಿದ್ದದ್ದು ಅಷ್ಟೇ.

ಒಂದೊಂದೇ ಸದ್ದು ದೂರ ಹೋಯಿತು. ಕೊನೆಗೆ ಕಿನ್ನಿಯ ಸ್ವರವೂ ಹೋಯಿತು. ಸುರುವಿಗೆ ಅವಳು ಕೂಗಿ ಹೇಳಿ ನೋಡಿದಳು. ಕೂಗಿ ಹೇಳಿದ ತಮಾಷೆ ತಮಾಷೆಯಾಗಿ ಉಳಿಯುತ್ತದೆಯೇ? ಆಮೇಲೆ ಅವಳು ಹೇಳುವುದನ್ನೇ ಬಿಟ್ಟಳು. ಅಪರೂಪಕ್ಕೆ ಅತ್ತೆಯ ಹತ್ತಿರ ಏನೋ ಹೇಳಿ ಇಬ್ಬರೂ ನಕ್ಕರೆ, ಅಂಗಾರ ಗೋಡೆಗೊರಗಿ ಅವಳ ತುಟಿಯನ್ನೇ ನೋಡುತ್ತಿದ್ದ. ಅವನು ನೋಡುತ್ತಿರುವುದು ಕಂಡರೆ ಅವರ ನಗು ನಿಲ್ಲುತ್ತಿತ್ತು. ಅದು ಅವನಿಗೆ ಇನ್ನೂ ಕಷ್ಟ.

ದೋಣಿಯಲ್ಲೂ ಹಾಗೆಯೇ. ಮುಂಡಾಸಿನ ಮೇಲೆಯೇ ಹುಟ್ಟಿನ ಹಿಡಿ ಒತ್ತಿ ಕೂತ. ಏನೂ ಇಲ್ಲ. ನಾಚಿಕೆಗೆ ಸುಮ್ಮನೆ ಒಂದು ದಿಕ್ಕು ತೋರಿಸಿದ. ಬಲೆ ಬರಿದೇ ಬಂತು. ಚೆನ್ನಪ್ಪ ಬೈಯಲಿಲ್ಲ. ಮರುದಿನ ಅವನ ಕೈಗೆ ಬಲೆ ಹೆಣೆಯುವ ಸೂಜಿ ಕೊಟ್ಟು ದಡದಲ್ಲಿ ಕೂರಿಸಿದ.

ಜೆಪ್ಪಿನ ರುಡೊಲ್ಫ್ ಡಾಕ್ಟರ ಮನೆಗೆ ಮೀನು ಕೊಡುವವಳು ಕಿನ್ನಿಯೇ. ಒಂದು ದಿನ ಮೀನಿನ ಬುಟ್ಟಿಯ ಜೊತೆ ಗಂಡನನ್ನೂ ದೋಣಿಯಲ್ಲಿ ಹೊಳೆ ದಾಟಿಸಿ ಕರೆದುಕೊಂಡು ಹೋದಳು. ಡಾಕ್ಟರು ಬಟ್ಟೆ ಎಳೆದು ತೆಗೆದವರೇ ಮುಖ ಹಿಂಡಿದರು.

“ಇದೆಂತ ಕಿನ್ನೀ, ಕಿವಿಯಾ, ಒಗ್ಗರಣೆ ಬಾಣಲೆಯಾ?”

ಕಡ್ಡಿಗೆ ಹತ್ತಿ ಸುತ್ತಿ ಮೆಲ್ಲ ಒರೆಸಿ, ಒಳಗೆ ಬೆಳಕು ಬಿಟ್ಟು ನೋಡಿದರು. ಮತ್ತೆ ಎರಡು ಕವಲಿನ ಒಂದು ಉಕ್ಕಿನ ಕಡ್ಡಿಯನ್ನು ಮೊಣಕಾಲಿಗೆ ಬಡಿದು ಕಿವಿಯ ಮುಂದೆ ಹಿಡಿದರು. ಅಂಗಾರ ತಲೆ ಅಲ್ಲಾಡಿಸಿದ. ಅದರ ಬುಡವನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿದರು. ಅಂಗಾರ ಅವರ ಕೈಯನ್ನೇ ಗಟ್ಟಿಯಾಗಿ ಹಿಡಿದುಕೊಂಡ.

“ಕೊಡ್ಡಾಯಿ,” ಎಂದ.

“ಎಂತ ಹೇಳ್ತಾನೆ ಇವ?”

ಅವನು ದೋಣಿಯ ಹುಟ್ಟಿಗೆ ಕಿವಿಕೊಟ್ಟು ಮೀನಿನ ಸದ್ದು ಕೇಳುತ್ತಿದ್ದ ಕತೆಯನ್ನು ಕಿನ್ನಿ ಹೇಳಿದಳು. ಡಾಕ್ಟರು ಕಡ್ಡಿ ಕೆಳಗಿಟ್ಟು ಅಂದರು, “ಒಳಗಿನ ಕಿವಿ ಚೆನ್ನಾಗುಂಟು. ನಡುವಿನ ಪೊರೆ ಒಡೆದದ್ದು. ಎಣ್ಣೆ ಬೇಡ, ನೀರು ಬೇಡ, ಬಟ್ಟೆ ತುರುಕುವುದು ಬೇಡ. ಒಣ ಹತ್ತಿಯಿಂದ ಒರೆಸಬೇಕು. ಸಿಂಬಳ ಜೋರಾಗಿ ಊದಿ ತೆಗೆಯಬಾರದು. ಇನ್ನು ಮುಳುಗಿದ್ರೆ ನನ್ನ ಹತ್ತಿರ ಬರುವುದೇ ಬೇಡ.”

“ನನ್ನ ಮಾತು ಇವರಿಗೆ ಕೇಳ್ತದಾ ಡಾಕ್ಟ್ರೇ?”

“ಕೀವು ನಿಲ್ತದೆ. ಪೊರೆ ಮೊದಲಿನ ಹಾಗೆ ಆಗ್ತದೆ ಅಂತ ನಾನು ಸುಳ್ಳು ಹೇಳುವುದಿಲ್ಲ. ಗಾಳಿಯಲ್ಲಿ ಬಂದ ಮಾತು ಕಷ್ಟ. ಎಲುಬಿನಲ್ಲಿ ಬಂದದ್ದು ಕೇಳ್ತದೆ.”

ಮನೆಯಲ್ಲಿ ಅಮ್ಮಣ್ಣಿ ಬಾಗಿಲಲ್ಲೇ ನಿಂತಿದ್ದಳು. “ನನ್ನ ಎಣ್ಣೆಯಿಂದ ಆದದ್ದಾ?”

“ಅಲ್ಲ ಮಾಮಿ, ಸಮುದ್ರದಿಂದ,” ಎಂದಳು ಕಿನ್ನಿ. “ಎಣ್ಣೆ ಮೀನಿಗೆ ಇರ್ಲಿ.”

ಕೀವು ನಿಂತು ಕಿವಿ ಒಣಗಿದ ಮೇಲೆ ಅಂಗಾರ ಚೆನ್ನಪ್ಪನನ್ನು ಕಾಡಿಬೇಡಿ ದೋಣಿ ಹತ್ತಿದ. ಹುಟ್ಟನ್ನು ನೀರಿಗಿಳಿಸಿ, ಹಿಡಿಯನ್ನು ಈ ಸಲ ಕಿವಿಯ ಹಿಂದಿನ ಎಲುಬಿಗೆ ಒತ್ತಿದ. ಗೊರ್ ಗೊರ್. ಅವನು ಕೈ ಎತ್ತಿದ. “ಇವನ ಮಾತು ಕೇಳಿ ಇನ್ನೊಮ್ಮೆ ಮಂಗ ಆಗುವುದಾ ಮಾರಾಯ,” ಎಂದು ಗೊಣಗುತ್ತಲೇ ಚೆನ್ನಪ್ಪ ಬಲೆ ಬಿಡಿಸಿದ. ಬಲೆ ಎಳೆಯಲು ಮಂದಿ ಸಾಲಲಿಲ್ಲ.

ದೋಣಿಯಲ್ಲಿ ಅವನ ಹಳೆಯ ಜಾಗ ಮತ್ತೆ ಸಿಕ್ಕಿತು. ಎಲ್ಲರೂ ಬೆನ್ನು ತಟ್ಟಿದರು. ಅಂಗಾರನ ಮುಖ ಮಾತ್ರ ಅರಳಲಿಲ್ಲ. ಮೀನಿನ ಮಾತು ಕೇಳುತ್ತದೆ, ಕಿನ್ನಿಯದು ಇಲ್ಲ. ಇದೆಂಥ ನ್ಯಾಯ?

ಆ ಸಂಜೆ ಅವನು ಹುಟ್ಟನ್ನು ದೋಣಿಯಲ್ಲಿ ಬಿಡದೆ ಹೆಗಲ ಮೇಲಿಟ್ಟು ಮನೆಗೆ ತಂದ. ಅಮ್ಮಣ್ಣಿ, “ಇದನ್ನೆಂತಕ್ಕೆ ಒಳಗೆ ತಂದದ್ದು?” ಎಂದಳು. ಅವನಿಗೆ ಕೇಳಲಿಲ್ಲ. ಹಿಡಿಯನ್ನು ತನ್ನ ಎಲುಬಿಗೊತ್ತಿ, ಹುಟ್ಟಿನ ಇನ್ನೊಂದು ಕೊನೆಯ ಹಲಗೆಯನ್ನು ಒಲೆಯ ಮುಂದಿದ್ದ ಕಿನ್ನಿಯ ಗಲ್ಲದ ಕೆಳಗೆ ತಂದಿಟ್ಟ.

“ಹೇಳು,” ಎಂದ.

ಕಿನ್ನಿಗೆ ಒಮ್ಮೆ ನಾಚಿಕೆಯಾಯಿತು. ಮತ್ತೆ ಗಲ್ಲವನ್ನು ಮರಕ್ಕೆ ಬಲವಾಗಿ ಊರಿದಳು. “ಎಂತ ಹೇಳುವುದು ನಿಮಗೆ?”

ಮಣ್ಣಿನ ಕೊಡದೊಳಗೆ ಕೂತು ಆಡಿದ ಹಾಗೆ ಸ್ವರ ದಪ್ಪಗೆ ಬಂತು. ಆದರೆ ಕಿನ್ನಿಯದೇ. ಅವಳು ಬಂಗುಡೆ ಅಮ್ಮನ ಹಾಗೆ ಮೂಗಿನಲ್ಲಿ ಎಳೆದಳು. ಎಳೆದವಳಿಗೆ ನಗು ತಡೆಯಲಾಗದೆ ಹುಟ್ಟು ಅದುರಿ ಅವನ ಎಲುಬಿಗೆ ಬಡಿಯಿತು.

“ಕೇಳ್ತದಾ ಮಗಾ?” ಎಂದು ಅಮ್ಮಣ್ಣಿ ಎದುರು ಬಂದು ಕೈಯಾಡಿಸಿ ಕೇಳಿದಳು.

ಅಂಗಾರ ದೋಣಿಯಲ್ಲಿ ಎತ್ತುವ ಹಾಗೆ ಕೈ ಎತ್ತಿ ಕಿನ್ನಿಯ ಕಡೆಗೆ ತೋರಿಸಿದ. ಮತ್ತೆ ಅವಳಿಗೆ ಹೇಳಿದ, “ಇವತ್ತಿನದ್ದು ಆಮೇಲೆ ಹೇಳು. ಕಿವಿ ಹೋದಾಗಿನಿಂದ ಜೆಪ್ಪಿನಲ್ಲಿ ಎಂತೆಲ್ಲ ಆಯ್ತು, ಅದನ್ನು ಮೊದಲು ಹೇಳು.”